ನೂರು ಗ್ರಾಂ ಲೆಕ್ಕ, ಊಟದ ಲೆಕ್ಕ

ಬೇಸಿಗೆ ಬಂತೆಂದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ರಸ್ತೆಬದಿಗಳಲ್ಲಿ ಕಲ್ಲಂಗಡಿಯ ರಾಶಿ ಬೀಳುತ್ತದೆ. ಸಿಹಿಗುಂಬಳಕ್ಕೆ ಅಂಥ ಮರ್ಯಾದೆಯ ಕಾಲವೆಂಬುದಿಲ್ಲ. ಸಂತೆಯಲ್ಲಿ ಹೋಳು ಮಾಡಿ ಅಗ್ಗಕ್ಕೆ ಮಾರುತ್ತಾರೆ. ಮದುವೆ, ತಿಥಿಯ ದೊಡ್ಡ ಅಡುಗೆಗಳಲ್ಲಿ ಹುಳಿ ಹಿಗ್ಗಲೆಂದು ಹಾಕುತ್ತಾರೆ. ಆಸ್ಪತ್ರೆಯಲ್ಲಿ ಮಲಗಿದವರನ್ನು ನೋಡಲು ಹೋಗುವಾಗ ಹಣ್ಣು ಒಯ್ಯುವುದುಂಟು, ಕುಂಬಳದ ಹೋಳು ಒಯ್ಯುವ ರೂಢಿಯಿಲ್ಲ. ಹಣ್ಣು ತಿಂದರೆ ಪುಷ್ಟಿ, ತರಕಾರಿ ಬರೀ ಮುದ್ದೆಗೆ ಜೊತೆ ಎಂಬ ಎಣಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಬಳ್ಳಿಗೆ ಈ ಮೇಲುಕೀಳು ಗೊತ್ತಿಲ್ಲ. ಎರಡೂ ಸೌತೆ, ಹೀರೆಯ ಬಳಗಕ್ಕೇ ಸೇರಿದವು. ಕಲ್ಲಂಗಡಿ ಆಫ್ರಿಕ ಮೂಲದ್ದು. ಸಿಹಿಗುಂಬಳ ಅಮೆರಿಕ ಖಂಡದಲ್ಲಿ ಹುಟ್ಟಿ, ಯುರೋಪಿನ ಹಡಗುಗಳು ಅತ್ತಿತ್ತ ಓಡಾಡತೊಡಗಿದ ಮೇಲೆ ಇಲ್ಲಿಗೆ ಬಂದದ್ದು. ಇವೆರಡರಲ್ಲಿ ಹೆಚ್ಚು ಸತ್ವ ಯಾವುದರಲ್ಲಿ ಎಂಬ ಪ್ರಶ್ನೆಗೆ ಪೋಷಕಾಂಶಗಳ ಕೋಷ್ಟಕ ಒಂದು ಉತ್ತರ ಕೊಡುತ್ತದೆ, ಊಟದ ತಟ್ಟೆ ಇನ್ನೊಂದು. ನಮ್ಮ ಈ ತೆಂಗಿನ ಸೀಮೆಯವರು ಎರಡನೆಯದನ್ನು ಕೇಳಬೇಕು ಎಂಬುದು ನನ್ನ ವಾದ.

ಮೊದಲು ಕೋಷ್ಟಕವನ್ನೇ ನೋಡೋಣ. ಅಮೆರಿಕದ ಕೃಷಿ ಇಲಾಖೆಯ ಲೆಕ್ಕದಂತೆ 100 ಗ್ರಾಂ ಕಲ್ಲಂಗಡಿ ತಿರುಳಿನಲ್ಲಿ ಸುಮಾರು 91 ಗ್ರಾಂ ನೀರು, 30 ಕ್ಯಾಲೊರಿ. ಅಷ್ಟೇ ತೂಕದ ಹಸಿ ಕುಂಬಳದಲ್ಲಿ ನೀರು ಹೆಚ್ಚುಕಡಿಮೆ ಅಷ್ಟೇ, ಕ್ಯಾಲೊರಿ 26. ವಿಟಮಿನ್ ಸಿ ಕಲ್ಲಂಗಡಿಯಲ್ಲಿ 8 ಮಿಲಿಗ್ರಾಂ, ಕುಂಬಳದಲ್ಲಿ 9. ಇಲ್ಲಿಯವರೆಗೆ ಅಣ್ಣತಮ್ಮಂದಿರೇ. ಹಾದಿ ಬೇರೆಯಾಗುವುದು ಬಣ್ಣದಲ್ಲಿ. ಕಲ್ಲಂಗಡಿಯ ಕೆಂಪು ಲೈಕೊಪೀನಿನದು. ತೂಕಕ್ಕೆ ತೂಕ ಹಸಿ ಟೊಮೆಟೊಗಿಂತ ಅದರಲ್ಲಿ ಲೈಕೊಪೀನ್ ಹೆಚ್ಚು, ಆದರೆ ದೇಹ ಅದನ್ನು ವಿಟಮಿನ್ ಎ ಆಗಿ ಮಾರ್ಪಡಿಸಲಾರದು. ಕುಂಬಳದ ಅರಿಸಿನ ಬಣ್ಣ ಕ್ಯಾರೊಟಿನಿನದು. ಅದು ವಿಟಮಿನ್ ಎ ಆಗಬಲ್ಲದು. ಹೀಗಾಗಿ 100 ಗ್ರಾಂ ಕಲ್ಲಂಗಡಿಯಿಂದ 28 ಮೈಕ್ರೊಗ್ರಾಂ ವಿಟಮಿನ್ ಎ ಸಿಕ್ಕರೆ ಕುಂಬಳದಿಂದ 426 ಸಿಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ವಯಸ್ಕ ಹೆಂಗಸರಿಗೆ ದಿನಕ್ಕೆ 840 ಮೈಕ್ರೊಗ್ರಾಂ ಬೇಕೆಂದಿದೆ. ಅದರ ಅರ್ಧದಷ್ಟನ್ನು ಕಲ್ಲಂಗಡಿಯಿಂದಲೇ ಪಡೆಯುತ್ತೇನೆಂದು ಹಟ ಹಿಡಿದವರು ಒಂದೂವರೆ ಕಿಲೊ ತಿರುಳು ತಿನ್ನಬೇಕು, ಜೊತೆಗೆ 90 ಗ್ರಾಂಗೂ ಮೀರಿದ ಸಕ್ಕರೆಯನ್ನು ಹೊಟ್ಟೆಗಿಳಿಸಬೇಕು.

ಆದರೆ 100 ಗ್ರಾಂ ಎಂಬ ಅಳತೆ ಪ್ರಯೋಗಾಲಯದ್ದು, ಬಾಯಿಯದಲ್ಲ. ಬಿಸಿಲಿನಲ್ಲಿ ಬಂದವರು ಕಲ್ಲಂಗಡಿಯನ್ನು 400 ಗ್ರಾಂವರೆಗೂ ಸರಾಗವಾಗಿ ತಿನ್ನುತ್ತಾರೆ. ಹುಳಿಯಲ್ಲಿ ಒಬ್ಬರ ಪಾಲಿಗೆ ಬರುವ ಕುಂಬಳದ ಹೋಳು 70 ಗ್ರಾಂ ಇದ್ದರೆ ಹೆಚ್ಚು. ಈ ಅಳತೆ ಹಿಡಿದರೆ ಚಿತ್ರ ಬದಲಾಗುತ್ತದೆ. ಅಷ್ಟು ಕಲ್ಲಂಗಡಿಯಿಂದ 32 ಮಿಲಿಗ್ರಾಂ ವಿಟಮಿನ್ ಸಿ ಸಿಗುತ್ತದೆ, ಹೆಂಗಸರ ದಿನದ ಅಗತ್ಯವಾದ 65ರಲ್ಲಿ ಸುಮಾರು ಅರ್ಧ. ಕುಂಬಳದ ಹೋಳಿನಲ್ಲಿದ್ದ 6 ಮಿಲಿಗ್ರಾಂನಲ್ಲಿ ಒಂದಷ್ಟು ಬೇಯುವಾಗಲೇ ಹೋಗಿರುತ್ತದೆ. ಪೊಟ್ಯಾಸಿಯಂ ಕುಂಬಳದಲ್ಲಿ ತೂಕಕ್ಕೆ ಮೂರು ಪಟ್ಟಿದ್ದರೂ ತಿನ್ನುವ ಪ್ರಮಾಣದಿಂದ ಕಲ್ಲಂಗಡಿಯೇ ಮುಂದೆ. ನೀರಿನ ಮಾತಂತೂ ಹೇಳಬೇಕಿಲ್ಲ. ಹಾಗಿದ್ದೂ ವಿಟಮಿನ್ ಎ ವಿಷಯದಲ್ಲಿ ಪುಟ್ಟ ಹೋಳು ದೊಡ್ಡ ತಟ್ಟೆಯನ್ನು ಸೋಲಿಸುತ್ತದೆ: ಕುಂಬಳದಿಂದ ಸುಮಾರು 300 ಮೈಕ್ರೊಗ್ರಾಂ, ಕಲ್ಲಂಗಡಿಯಿಂದ 112.

ಇಷ್ಟೆಲ್ಲ ಅಂಕಿಗಳನ್ನು ನಂಬಬಹುದೇ ಎಂದು ಕೇಳುವವರಿದ್ದಾರೆ, ಕೇಳಬೇಕಾದ ಮಾತೇ. ಕೂನೂರಿನ ಪೋಷಣಾ ಪ್ರಯೋಗಾಲಯದಿಂದ ವಿಜ್ಞಾನಿ ಐಕ್ರಾಯ್ಡ್ 1937ರಲ್ಲಿ ಪ್ರಕಟಿಸಿದ ಪಟ್ಟಿಯಿಂದ ಹಿಡಿದು 2017ರ ಹೊಸ ಪಟ್ಟಿಯವರೆಗೆ ನಮ್ಮ ದೇಶದ ಆಹಾರ ಕೋಷ್ಟಕಗಳು ಮತ್ತೆ ಮತ್ತೆ ತಿದ್ದುಪಡಿಯಾಗಿವೆ. ದಶಕಗಳ ಕಾಲ ಬಳಕೆಯಲ್ಲಿದ್ದ ಹಳೆಯ ಭಾರತೀಯ ಪಟ್ಟಿ 100 ಗ್ರಾಂ ಕಲ್ಲಂಗಡಿಯಲ್ಲಿ 7.9 ಮಿಲಿಗ್ರಾಂ ಕಬ್ಬಿಣವಿದೆ ಎನ್ನುತ್ತಿತ್ತು. ಅಮೆರಿಕದ ಪಟ್ಟಿಯಲ್ಲಿ ಅದು 0.24. ಕಲ್ಲಂಗಡಿ ತಿಂದರೆ ರಕ್ತವಾಗುತ್ತದೆ ಎಂಬ ನಂಬಿಕೆ ಅದರ ಕೆಂಪು ಬಣ್ಣವನ್ನೂ ಅಂಥ ಅಂಕಿಯನ್ನೂ ನೆಚ್ಚಿಕೊಂಡರೆ ಆಶ್ಚರ್ಯವಿಲ್ಲ, ಆದರೆ ರಕ್ತಹೀನತೆ ಇರುವವರು ಅದನ್ನು ನಂಬಿ ಕೂರಬಾರದು. ಕುಂಬಳದ ಕ್ಯಾರೊಟಿನ್ ಕೂಡ ತಳಿಯಿಂದ ತಳಿಗೆ ಬಹಳ ಏರುಪೇರಾಗುತ್ತದೆ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ‘ಅರ್ಕಾ ಚಂದನ್’ ತಳಿಯನ್ನು ಕ್ಯಾರೊಟಿನ್ ಹೆಚ್ಚಿರುವ ಕುಂಬಳವೆಂದೇ ಪರಿಚಯಿಸಿತು. ಹಾಗಾಗಿ ಮೇಲಿನ ಸಂಖ್ಯೆಗಳನ್ನು ಚಿನ್ನದ ತೂಕವೆಂದು ಹಿಡಿಯದೆ, ಯಾವುದು ಯಾವುದಕ್ಕಿಂತ ಎಷ್ಟು ಪಟ್ಟು ಎಂಬುದನ್ನಷ್ಟೇ ಗಮನಿಸಬೇಕು. ಹದಿನೈದು ಪಟ್ಟಿನ ಅಂತರ ತಳಿಯ ಏರುಪೇರಿನಿಂದ ಕಿರಿದಾದೀತು, ಗಾಢ ಬಣ್ಣದ ಕಾಯನ್ನೇ ಆರಿಸಿಕೊಂಡರೆ ಅಳಿಸಿಹೋಗಲಾರದು.

ಇನ್ನು ಕೋಷ್ಟಕ ಹೇಳದೆ ಬಿಡುವ ಸಂಗತಿ. ಕ್ಯಾರೊಟಿನ್ ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಊಟದಲ್ಲಿ ಜಿಡ್ಡೇ ಇಲ್ಲದಿದ್ದರೆ ಕಾಯಿಯಲ್ಲಿದ್ದುದರ ಬಹುಪಾಲು ದೇಹಕ್ಕೆ ದಕ್ಕದೆ ಹೊರಟುಹೋಗುತ್ತದೆ. ಬೇಯಿಸಿದರೆ ಜೀವಕೋಶಗಳ ಗೋಡೆ ಸಡಿಲಗೊಂಡು ಅದು ಹೊರಬರುವುದು ಸುಲಭ; ಒಂದೂಟಕ್ಕೆ ನಾಲ್ಕೈದು ಗ್ರಾಂ ಕೊಬ್ಬಿದ್ದರೂ ಹೀರಿಕೊಳ್ಳಲು ನೆರವಾಗುತ್ತದೆ. ಹಸಿ ಕಾಯಿತುರಿಯಲ್ಲಿ ಮೂರನೆಯ ಒಂದು ಪಾಲು ಕೊಬ್ಬೇ ಇರುವುದರಿಂದ 15 ಗ್ರಾಂ ತುರಿ ಆ ಅಗತ್ಯವನ್ನು ಪೂರೈಸುತ್ತದೆ. ಕುಂಬಳದ ಪಲ್ಯಕ್ಕೆ ಮೇಲಿಂದ ತುರಿ ಉದುರಿಸುವ, ಹುಳಿಗೆ ಕಾಯಿ ರುಬ್ಬಿ ಹಾಕುವ, ಚಿಕ್ಕನಾಯಕನಹಳ್ಳಿ ಬಳಿಯ ಶೆಟ್ಟಿಕೆರೆ ಸೀಮೆಯ ಅಡುಗೆ ಈ ರಸಾಯನವನ್ನು ಯಾವ ಪುಸ್ತಕವನ್ನೂ ನೋಡದೆ ಪಾಲಿಸಿಕೊಂಡು ಬಂದಿದೆ. ರುಚಿಗಾಗಿ ಬಂದ ಪದ್ಧತಿಯೇ ಇರಬಹುದು. ಅದರಿಂದ ಫಲವೇನೂ ಕಡಿಮೆಯಾಗುವುದಿಲ್ಲ. ಕಲ್ಲಂಗಡಿಗೆ ಇಂಥ ಜೊತೆಗಾರನಿಲ್ಲ. ಊಟ, ಜಿಡ್ಡು ಯಾವುದರ ಹಂಗೂ ಇಲ್ಲದೆ ಒಂಟಿಯಾಗಿ ಹೊಟ್ಟೆ ಸೇರುವ ಹಣ್ಣು ಅದು.

ಇದಕ್ಕೆ ಆಕ್ಷೇಪಗಳಿವೆ. ಸಸ್ಯಮೂಲದ ಕ್ಯಾರೊಟಿನ್ ವಿಟಮಿನ್ ಎ ಆಗಿ ಬದಲಾಗುವುದೇ ಅಲ್ಪ ಎಂಬುದು ಒಂದು. ನಿಜ, ಆದರೆ ಮೇಲಿನ ಅಂಕಿ ಹನ್ನೆರಡು ಭಾಗ ಬೀಟಾ ಕ್ಯಾರೊಟಿನ್‌ಗೆ ಒಂದೇ ಭಾಗ ವಿಟಮಿನ್ ಎ ಎಂದು ಆಗಲೇ ಕಳೆದು ಬರೆದದ್ದು. ಇನ್ನೂ ಅರ್ಧ ಕಳೆದರೂ ಕಲ್ಲಂಗಡಿಯದೂ ಅಷ್ಟೇ ಇಳಿಯುತ್ತದೆ. ಕಲ್ಲಂಗಡಿಯ ಲೈಕೊಪೀನ್ ಬೇಯಿಸದೆಯೂ ದಕ್ಕುತ್ತದೆ ಎಂಬುದು ಇನ್ನೊಂದು. 2003ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಾಯಿಸದ ಕಲ್ಲಂಗಡಿ ರಸ ಕುಡಿದವರ ರಕ್ತದಲ್ಲಿ ಲೈಕೊಪೀನ್ ಏರಿದ್ದು ಕಂಡುಬಂದಿದೆ. ಇದನ್ನು ಒಪ್ಪಬೇಕು, ಆದರೆ ಲೈಕೊಪೀನ್ ಇಲ್ಲದೆ ಬರುವ ಕಾಯಿಲೆ ಎಂಬುದೊಂದಿಲ್ಲ, ವಿಟಮಿನ್ ಎ ಇಲ್ಲದಿದ್ದರೆ ಇರುಳುಗುರುಡು ಬರುತ್ತದೆ. ಅದನ್ನು ತಡೆಯಲೆಂದೇ 1970ರಿಂದ ಸರ್ಕಾರ ಮಕ್ಕಳಿಗೆ ವಿಟಮಿನ್ ಎ ದ್ರಾವಣ ಕುಡಿಸುತ್ತ ಬಂದಿದೆ. ತೆಂಗಿನ ಕೊಬ್ಬು ಹೃದಯಕ್ಕೆ ಒಳ್ಳೆಯದಲ್ಲ ಎಂಬ ಮೂರನೆಯ ಆಕ್ಷೇಪ ಗಿಟುಕುಗಟ್ಟಲೆ ತಿನ್ನುವವರಿಗೆ ಸಲ್ಲಬೇಕು, ಒಂದು ಹಿಡಿ ತುರಿಯನ್ನು ನಾಲ್ಕು ಮಂದಿ ಹಂಚಿಕೊಳ್ಳುವ ಪಲ್ಯಕ್ಕಲ್ಲ. ಸಕ್ಕರೆ ಕಾಯಿಲೆಯವರು ಸಿಹಿಗುಂಬಳದ ಹೆಸರಿಗೇ ಬೆದರುತ್ತಾರೆ. ಆದರೆ ಹುಳಿಯ ಹೋಳಿನಲ್ಲಿರುವ ಸಕ್ಕರೆ ಎರಡು ಗ್ರಾಂ, 400 ಗ್ರಾಂ ಕಲ್ಲಂಗಡಿಯಲ್ಲಿರುವುದು 25 ಗ್ರಾಂ. ಅವರು ಕಲ್ಲಂಗಡಿಯನ್ನು ಬಿಡಬೇಕಿಲ್ಲ, ಅಳತೆ ಹಿಡಿದು ತಿನ್ನಬೇಕು. ಮೂತ್ರಪಿಂಡದ ತೊಂದರೆಯಿಂದ ಪೊಟ್ಯಾಸಿಯಂ ಮಿತಿಗೊಳಿಸಿಕೊಂಡವರು ಎರಡರ ಬಗ್ಗೆಯೂ ವೈದ್ಯರನ್ನು ಕೇಳುವುದು ಲೇಸು.

ಕಾಲದ ಲೆಕ್ಕವನ್ನೂ ಸೇರಿಸಬೇಕು. ಕಲ್ಲಂಗಡಿ ಕೊಯ್ದ ಮೇಲೆ ಹೆಚ್ಚು ದಿನ ಕಾಯದು, ಹೆಚ್ಚಿದ ಮೇಲಂತೂ ಒಂದು ಹಗಲೂ ಕಷ್ಟ. ಬಲಿತ ಕುಂಬಳ ತೊಟ್ಟು ಮುರಿಯದಿದ್ದರೆ ಅಟ್ಟದ ಮೇಲೆ ತಿಂಗಳುಗಟ್ಟಲೆ ಇರುತ್ತದೆ, ತಿಪ್ಪೆಯ ಪಕ್ಕ ಬಿದ್ದ ಬೀಜದಿಂದಲೂ ಹಬ್ಬಿ ಕಾಯಿ ಕೊಡುತ್ತದೆ. ಸೊಪ್ಪು ತರಕಾರಿ ದುಬಾರಿಯಾದ ವಾರಗಳಲ್ಲಿ ಬಡವರ ಮನೆಗೆ ಒದಗುವ ಹಳದಿ ಬಣ್ಣ ಅದೊಂದೇ ಆಗಿರಬಹುದು. ಆದ್ದರಿಂದ ಬಾಯಾರಿಕೆಗೆ, ವಿಟಮಿನ್ ಸಿಗೆ, ಬಿಸಿಲಿನ ದಣಿವಿಗೆ ಕಲ್ಲಂಗಡಿ ಸರಿಯಾದ ಉತ್ತರ. ಮಕ್ಕಳ ಕಣ್ಣು, ಬೆಳವಣಿಗೆಯ ಮಾತು ಬಂದಾಗ ಕುಂಬಳವೇ ಉತ್ತರ, ಅದೂ ಕಾಯಿತುರಿಯೊಂದಿಗೆ. ಶಾಲೆಯ ಬಿಸಿಯೂಟದ ಸಾಂಬಾರಿಗೆ, ಅಂಗನವಾಡಿಯ ಅಡುಗೆಗೆ ತರಕಾರಿ ಆರಿಸುವವರು ಕುಂಬಳವನ್ನು ಅಗ್ಗವೆಂದು ಕೊಳ್ಳುತ್ತಿದ್ದರೆ ಕೊಳ್ಳಲಿ, ಆದರೆ ಗಾಢ ಹಳದಿ ತಿರುಳಿನದನ್ನೇ ಆರಿಸಲಿ, ಖರ್ಚು ಉಳಿಸಲು ಕಾಯಿಯನ್ನು ಮಾತ್ರ ಕೈಬಿಡದಿರಲಿ. ರಾಜ್ಯದಲ್ಲೇ ಹೆಸರಾದ ತೆಂಗಿನ ಸೀಮೆಯಲ್ಲಿ ಮಕ್ಕಳ ಸಾರಿಗೆ ಕಾಯಿ ದುಬಾರಿ ಎನ್ನುವುದಾದರೆ, ಆ ಕೊರತೆಗೆ ಕುಂಬಳವನ್ನು ದೂರಿ ಫಲವಿಲ್ಲ.