ಹರಕೆಯೋ, ವ್ಯಾಪಾರವೋ?

ಹರಕೆ ಹೊತ್ತು, ಫಲವು ಕೈಸೇರಿದ ಮೇಲೆಯೇ ಕಾಣಿಕೆ ಸಲ್ಲಿಸುವವನು ತನ್ನನ್ನು ಭಕ್ತನೆಂದು ಕರೆದುಕೊಳ್ಳುವನು. ಮುಂಗಡವಿಲ್ಲದ ಇಂಥ ಕರಾರಿಗೆ ಪೇಟೆಯ ಸಾಹುಕಾರನಾದರೂ ಒಪ್ಪುವನೇ? ಶಿಶುನಾಳದ ಶರೀಫರು (1819–1889) ಸಂಬಳದ ಮಾಸ್ತರಿಕೆಯನ್ನು ತೊರೆದವರು. ಕುಂದಗೋಳ ಸೀಮೆಯ ಕಳಸದ ಗೋವಿಂದಭಟ್ಟರ ಪಾದವನ್ನು ಹಿಡಿದವರು. ಮುಸಲ್ಮಾನನನ್ನು ಶಿಷ್ಯನನ್ನಾಗಿ ಸ್ವೀಕರಿಸಿದ ಭಟ್ಟರನ್ನು ಸ್ವಜಾತಿಯವರು ದೂಷಿಸಿದರು. ಶರೀಫರನ್ನೂ ಅವರ ಮತದವರು ಬಿಡಲಿಲ್ಲ. ಲಾಭನಷ್ಟಗಳನ್ನು ಎಣಿಸುವವರಾಗಿದ್ದರೆ ಇಬ್ಬರೂ ಅಂದೇ ಹಿಂದೆಗೆಯುತ್ತಿದ್ದರು. ಇಂದು ಆ ಶರೀಫರ ಗದ್ದುಗೆಯ ಮುಂದೆಯೇ ವ್ಯಾಜ್ಯದ ಜಯಕ್ಕೂ ನೌಕರಿಯ ಬಡತಿಗೂ ಹರಕೆ ಹೊರುವವರುಂಟು, ಎಂಥ ವಿಪರ್ಯಾಸ! “ಹಾಗಾದರೆ ಕೈಕಟ್ಟಿ ಕುಳಿತುಕೊಳ್ಳಬೇಕೋ?” ಎಂದು ಬುದ್ಧಿವಂತರು ಕೇಳುವರು. ಯಾರು ಹಾಗೆಂದರು? ನವಲಗುಂದದ ಎರೆಹೊಲದ ಒಕ್ಕಲಿಗನು ಮೈಮುರಿದು ದುಡಿಯುವನು. ಆದರೆ ಮನೆಯ ಕಾಳನ್ನು ಮಣ್ಣಿಗೆ ಸೇರಿಸುವ ಮುನ್ನ ಅವನು ಮೋಡದಿಂದ ಮುಚ್ಚಳಿಕೆ ಬರೆಯಿಸಿಕೊಳ್ಳುವನೇ?