ಹನಿ ಸಾಕು, ಬೆಲ್ಲ ಬೇಕು

ಕನ್ನಡದಲ್ಲಿ 'ಹನಿ' ಅಂದ್ರೆ ಒಂದು ತೊಟ್ಟು, ಅಷ್ಟೆ. ಮಳೆಹನಿ, ಬೆವರಹನಿ, ನಲ್ಲಿ ಸರಿಯಾಗಿ ತಿರುಗಿಸದಿದ್ರೆ ರಾತ್ರಿಯಿಡೀ ತೊಟ್ಟಿಕ್ಕೋ ಹನಿ. ಆದ್ರೂ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಅಪ್ಪಟ ಕನ್ನಡದವರೇ ಫೋನ್ ಹಿಡ್ಕೊಂಡು 'ಹನೀ...' ಅಂತ ರಾಗ ಎಳೀತಿರ್ತಾರೆ. ಮಗಳು 'ಕಪ್‌ಕೇಕ್', ಮಗ 'ಪಂಪ್ಕಿನ್'. ಅದನ್ನೇ ಕನ್ನಡ ಮಾಡಿ 'ಕುಂಬಳಕಾಯಿ' ಅಂತ ಕರೆದು ನೋಡಿ, ಅವತ್ತು ಮನೇಲಿ ಊಟ ಸಿಗಲ್ಲ! :-)

ನನ್ನ ತಕರಾರು ಇಂಗ್ಲಿಷಿನ ಮೇಲಲ್ಲ. 'ಬೆಲ್ಲ' ಅಂತ ಕರೆಯೋಕೆ ನಾಚ್ಕೋತೀವಲ್ಲ, ಅದರ ಮೇಲೆ. "ತೀರಾ ಹಳ್ಳಿ ಥರ ಕೇಳ್ಸುತ್ತೆ ಮಾರಾಯ" ಅಂತಾರೆ. ಸ್ವಾಮಿ, ತಿಂಡಿಯ ಹೆಸರಲ್ಲಿ ಮುದ್ದು ಹುಟ್ಟೋದೇ ನಾಲಿಗೆಯ ನೆನಪಿನಿಂದ. ತಿಂದೇ ಇಲ್ಲದ ತಿಂಡಿಯ ಹೆಸರು ಬರೀ ಶಬ್ದ. ಇದನ್ನ ಗೂಗಲ್‌ನವರೇ ಒಪ್ಪಿಕೊಂಡ್ರು. 2009ರ ಕಪ್‌ಕೇಕ್‌ನಿಂದ 2018ರ ಪೈ ತನಕ ಆಂಡ್ರಾಯ್ಡ್‌ಗೆ ಸಿಹಿತಿಂಡಿಯ ಹೆಸರಿಟ್ರು. 2019ರಲ್ಲಿ ಬಿಟ್ಟುಬಿಟ್ರು. ಕಾರಣ? ಮಾರ್ಷ್‌ಮೆಲ್ಲೋ ಎಷ್ಟೋ ಕಡೆ ಜನ ತಿನ್ನೋದೇ ಅಪರೂಪ, ಪೈ ಕೆಲವು ಕಡೆ ಸಿಹಿಯೇ ಅಲ್ಲ. ಒಂದು ಸಾಫ್ಟ್‌ವೇರ್ ಹೆಸರಿಗೆ ಇರೋ ಈ ವಿವೇಕ ನಮ್ಮ ಮಕ್ಕಳ ಮುದ್ದು ಹೆಸರಿಗೆ ಬೇಡ್ವಾ?

ಇನ್ನೊಂದು ತಮಾಷೆ. ಇಂಗ್ಲಿಷಿನ 'ಶುಗರ್'ನ ಮೂಲ ಸಂಸ್ಕೃತದ ಶರ್ಕರಾ, 'ಕ್ಯಾಂಡಿ'ಯ ಮೂಲ ಖಂಡ. ಪರ್ಷಿಯಾ, ಅರಬ್ಬರ ನಾಡು ಸುತ್ತಿ ಯೂರೋಪಿಗೆ ಹೋದ ಮಾತುಗಳು. ನಮ್ಮ ಸಕ್ಕರೆಯನ್ನೇ ಬಣ್ಣದ ಕಾಗದ ಸುತ್ತಿ ವಾಪಸ್ ಕೊಟ್ರೆ 'ಆಹಾ' ಅಂತೀವಿ!

"ನಮ್ಮಲ್ಲಿ ಚಿನ್ನ, ಬಂಗಾರ ಇದೆಯಲ್ಲ?" ಅಂತೀರಾ. ಇದೆ, ಇರಲಿ. ಆದ್ರೆ ಬಂಗಾರ ಲಾಕರಿಗೆ ಹೋಗುತ್ತೆ, ಬೆಲ್ಲ ಬಾಯಿಗೆ ಬರುತ್ತೆ. ಮಂಡ್ಯದ ಕಡೆ ಆಲೆಮನೆ ನೋಡಿದವರಿಗೆ ಗೊತ್ತು, ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಗಂಟೆಗಟ್ಟಲೆ ಕುದ್ದು, ಕೊಳೆಯೆಲ್ಲ ತೆಗೆಸಿಕೊಂಡು, ಆಮೇಲೆ ಅಚ್ಚಿಗೆ ಬೀಳುತ್ತೆ. ಬಿಸಿಲಲ್ಲಿ ದಣಿದು ಬಂದವರಿಗೆ ನಮ್ಮವರು ಮೊದಲು ಕೊಡ್ತಿದ್ದದ್ದು ಬೆಲ್ಲ, ನೀರು. ಸಂಕ್ರಾಂತಿಗೆ ಎಳ್ಳಿನ ಜೊತೆ, ಯುಗಾದಿಗೆ ಬೇವಿನ ಜೊತೆ. 'ಬೆಲ್ಲದಚ್ಚು' ಅಂತ ಅಜ್ಜಿ ಕರೆದ್ರೆ ಅದರಲ್ಲಿ ಇಷ್ಟೂ ಇರುತ್ತೆ. ಕಪ್‌ಕೇಕ್‌ನಲ್ಲಿ ಏನಿದೆ, ಕ್ರೀಮ್ ಬಿಟ್ರೆ?

ಇದು ಬರೀ ಹೆಸರಿನ ಜಗಳ ಅಲ್ಲ. ಆಫೀಸು, ಬ್ಯಾಂಕು, ಮಕ್ಕಳ ಸ್ಕೂಲು, ಅಪಾರ್ಟ್‌ಮೆಂಟಿನ ಲಿಫ್ಟು ಎಲ್ಲ ಕಡೆ ಕನ್ನಡ ಜಾಗ ಬಿಟ್ಟಾಯ್ತು. ಉಳಿದಿರೋದು ಮನೆ. ಅಲ್ಲೂ ಏನಾಗಿದೆ ನೋಡಿ: ಮುದ್ದು ಮಾಡೋದು ಇಂಗ್ಲಿಷಿನಲ್ಲಿ, ಸಿಟ್ಟು ಬಂದ ತಕ್ಷಣ ಬೈಯೋದು ಕನ್ನಡದಲ್ಲಿ. ಹೀಗೆ ಬೆಳೆದ ಮಗುವಿಗೆ ಕನ್ನಡ ಅಂದ್ರೆ ಯಾವ ರುಚಿ? ಹಾಗಲಕಾಯಿ ರುಚಿ! ಆಮೇಲೆ ಆ ಮಗು ದೊಡ್ಡದಾಗಿ ಕನ್ನಡ ಓದಲ್ಲ ಅಂತ ನಾವೇ ಗೋಳಾಡ್ತೀವಿ.

ಭಾಷೆ ಉಳಿಸೋಕೆ ಬಾವುಟ ಹಿಡಿಯೋದು ಆಮೇಲಿನ ಮಾತು. ಇವತ್ತು ರಾತ್ರಿ ಮಗು ಮಲಗಿಸುವಾಗ ನಾಚಿಕೆ ಬಿಟ್ಟು 'ಬೆಲ್ಲ' ಅನ್ನಿ. ಪಕ್ಕದ ಫ್ಲ್ಯಾಟಿನವರಿಗೆ ಕೇಳಿಸಿದ್ರೆ ಕೇಳಿಸಲಿ ಬಿಡಿ. ಏನಂತೀರಿ?