ಎಣ್ಣೆ ಭಟ್ಟಿಗೆ ಕಾಯಿಲ್: ವ್ಯಾಟ್ ಅಲ್ಲ, ಮನೆ ಕರೆಂಟ್ ನೋಡ್ರಿ

ನಮ್ಮ ಸಾಲಹಳ್ಳಿ ಹೊಲದ ಬದುವಿನಲ್ಲಿ ಬೆಳೆದ ಮಜ್ಜಿಗೆ ಹುಲ್ಲಿನಿಂದ ಎಣ್ಣೆ ತೆಗೆಯಲು ಮನೆಯಲ್ಲೇ ಸಣ್ಣ ಭಟ್ಟಿ ಮಾಡಿದಾಗ, ನಾನೂ ಅಗ್ಗದ ಕಾಯಿಲ್ ತಂದಿದ್ದೆ. ಎರಡನೇ ದಿನ ಪಾತ್ರೆ ಮುಟ್ಟಿದ ತಮ್ಮನಿಗೆ ಕರೆಂಟ್ ಹೊಡೀತು. ಪುಣ್ಯಕ್ಕ ಉಳಿದ. ತೋಟಗಾರಿಕೆ ಪದವಿ ಇದನ್ನ ಕಲಿಸಿರಲಿಲ್ಲ.

ಹೆಚ್ಚು ವ್ಯಾಟ್ ಇದ್ದಷ್ಟೂ ಒಳ್ಳೇದು ಅನ್ನೋ ಮಾತು ನಾನು ಒಪ್ಪೋದಿಲ್ಲ. ಲೆಕ್ಕ ನೋಡ್ರಿ: 20 ಲೀಟರ್ ನೀರು 25 ಡಿಗ್ರಿಯಿಂದ ಕುದಿಗೆ ಬರಲು ಸುಮಾರು 1.75 ಯೂನಿಟ್ ಬೇಕು. 2,000 ವ್ಯಾಟ್ ಕಾಯಿಲ್‌ಗೆ ಹೆಚ್ಚುಕಡಿಮೆ ಒಂದು ತಾಸಿನ ಕೆಲಸ. ವೋಲ್ಟೇಜ್ 230ರಿಂದ 180ಕ್ಕೆ ಇಳಿದರೆ ಅದೇ ಕಾಯಿಲ್ ಸುಮಾರು 1,225 ವ್ಯಾಟ್ ಮಾತ್ರ ಕೊಡುತ್ತದೆ. ಹಂಗಂತ 3,000ದ್ದು ಹಾಕಿದ್ರ 13 ಆಂಪಿಯರ್ ಎಳೀತದ. ಹಳೇ ವೈರು ಕಾಯ್ತದ. ಸಣ್ಣ ಭಟ್ಟಿಗೆ 2,000 ಸಾಕು. ಸ್ವಲ್ಪ ತಡ ಆದ್ರ ಆಗಲಿ.

ಉಳಿಸಿದ ದುಡ್ಡು ಸುರಕ್ಷತೆಗೆ ಹಾಕ್ರಿ. ಐಎಸ್ಐ ಗುರುತಿನ ಕಾಯಿಲ್, ಪ್ರತ್ಯೇಕ 16 ಆಂಪಿಯರ್ ಸಾಕೆಟ್, ಸರಿಯಾದ ಅರ್ಥಿಂಗ್, 30 ಮಿಲಿಆಂಪಿಯರ್ ಆರ್‌ಸಿಸಿಬಿ ಇರಲೇಬೇಕು. ಜೋಡಣೆ ಎಲೆಕ್ಟ್ರಿಷಿಯನ್ ಕೈಯಿಂದಲೇ ಆಗಲಿ. ಕಾಯಿಲ್ ಯಾವಾಗಲೂ ನೀರೊಳಗೆ ಮುಳುಗಿರಬೇಕು, ಹುಲ್ಲು ಅದಕ್ಕೆ ತಾಗದಂತೆ ಜಾಲರಿ ಮೇಲಿರಬೇಕು, ಹಬೆ ಹೋಗುವ ದಾರಿ ಕಟ್ಟಬಾರದು. ಬೋರ್‌ವೆಲ್ ಗಡಸು ನೀರಾದರೆ ಕಾಯಿಲ್ ಮೇಲೆ ಸುಣ್ಣ ಕಟ್ಟುತ್ತದೆ, ಆಗಾಗ ತೆಗೀರಿ.

ಇನ್ನೊಂದು ಮಾತು: ಇದೇ ಭಟ್ಟಿಯಲ್ಲಿ ಸಾರಾಯಿ ಇಳಿಸುವ ಆಸೆ ಬ್ಯಾಡ. 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಅದು ಅಪರಾಧ.

ಕಾಯಿಲ್ ಸುಟ್ಟರೆ ಇನ್ನೊಂದು ತರಬಹುದು. ತಮ್ಮನನ್ನ ಎಲ್ಲಿಂದ ತರೋಣ?